ಉಕ್ಕಿನ ಹಿಂದಿನ ಸಹಿ

ಈಜಿಪ್ಟಿನ ಉತ್ತರ ಕರಾವಳಿಯಲ್ಲಿ, ಅಲೆಕ್ಸಾಂಡ್ರಿಯಾದಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿಗೂ ತುಸು ಹೆಚ್ಚು ದೂರದಲ್ಲಿ, ಎಲ್ ಅಲಮೈನ್ ಎಂಬ ಊರಿದೆ. ಎರಡನೆಯ ಮಹಾಯುದ್ಧದ ಗತಿಯನ್ನೇ ತಿರುಗಿಸಿದ ಕದನವೊಂದು 1942ರಲ್ಲಿ ನಡೆದುದು ಇಲ್ಲಿ. ಅಲ್ಲಿಯ ಯುದ್ಧ ಸಂಗ್ರಹಾಲಯದ ಅಂಗಳದಲ್ಲಿ ಅಂದು ಪರಸ್ಪರ ಸೆಣಸಿದ ರಾಷ್ಟ್ರಗಳ ಟ್ಯಾಂಕುಗಳನ್ನೂ ಫಿರಂಗಿಗಳನ್ನೂ ಬಣ್ಣ ಬಳಿದು, ಒಪ್ಪವಾಗಿ ನಿಲ್ಲಿಸಿದ್ದಾರೆ. ಇಟಲಿಯ ಎಂ 13/40 ಟ್ಯಾಂಕು ಅವುಗಳಲ್ಲೊಂದು. ಒಂದು ಕಾಲಕ್ಕೆ ಸೋತು ಸುಣ್ಣವಾದ ಈ ಯಂತ್ರ ಇಂದು ಪ್ರವಾಸಿಗರ ಛಾಯಾಚಿತ್ರಗಳಿಗೆ ಹಿನ್ನೆಲೆಯಾಗಿದೆ. ಇದು ಸೋತದ್ದೇಕೆ ಎಂಬ ಪ್ರಶ್ನೆಯನ್ನು ಹೊಸ ಬಣ್ಣ ಮರೆಸಿಬಿಡಬಾರದು ಎಂಬುದೇ ಈ ಲೇಖನದ ಕಳಕಳಿ.

ಟ್ಯಾಂಕಿನ ಸಮೀಪ ನಿಂತು ನೋಡುವವನ ಕಣ್ಣಿಗೆ ಮೊದಲು ಬೀಳುವುದು ಅದರ ಮೈತುಂಬ ಎದ್ದು ನಿಂತ ರಿವೆಟ್ಟುಗಳು. ಉಕ್ಕಿನ ಹಲಗೆಗಳನ್ನು ಬೆಸುಗೆ ಹಾಕಿ ಒಂದಾಗಿಸುವ ಬದಲು, ಇಂಥ ಮೊಳೆಗಳನ್ನು ಬಡಿದು ಕೂಡಿಸಲಾಗಿತ್ತು. ಹೊರಗಿನಿಂದ ಗುಂಡು ಬಲವಾಗಿ ಅಪ್ಪಳಿಸಿದಾಗ ಈ ರಿವೆಟ್ಟುಗಳು ಕಿತ್ತು ಒಳಕ್ಕೆ ಚಿಮ್ಮುತ್ತಿದ್ದವು; ತನ್ನನ್ನು ಕಾಯಬೇಕಾದ ಗೋಡೆಯೇ ಸೈನಿಕನ ಮೇಲೆ ಗುಂಡು ಹಾರಿಸಿದಂತೆ. ಒಡಲಿನ ಮುಂಭಾಗದ ಕವಚದ ದಪ್ಪ 30 ಮಿಲಿಮೀಟರ್. ಅದೇ ಕಾಲದ ಬ್ರಿಟಿಷ್ ಮಟಿಲ್ಡಾ ಟ್ಯಾಂಕಿನ ಕವಚ 78 ಮಿಲಿಮೀಟರ್. ಸುಮಾರು 14 ಟನ್ ಭಾರವನ್ನು ಎಳೆಯಲು ಕೊಟ್ಟದ್ದು 125 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಮೊದಮೊದಲು ರಣರಂಗಕ್ಕೆ ಬಂದ ಅನೇಕ ಟ್ಯಾಂಕುಗಳಲ್ಲಿ ರೇಡಿಯೋ ಕೂಡ ಇರಲಿಲ್ಲ. ಅದರ 47 ಮಿಲಿಮೀಟರ್ ತೋಪು ಮಾತ್ರ 1940ರ ಮಟ್ಟಿಗೆ ಒಳ್ಳೆಯದೇ ಆಗಿತ್ತೆಂಬುದನ್ನು ನ್ಯಾಯವಾಗಿ ಹೇಳಬೇಕು.

ಒಳಗೆ ಕುಳಿತ ನಾಲ್ವರಿಗೆ ಈ ದೌರ್ಬಲ್ಯ ತಿಳಿಯದ ಸಂಗತಿಯೇನಲ್ಲ. ಅವರು ಟ್ಯಾಂಕಿನ ಮುಂದೆ ಮರಳಿನ ಚೀಲಗಳನ್ನೂ ಬಿಡಿ ಸರಪಳಿಯ ತುಂಡುಗಳನ್ನೂ ಕಟ್ಟಿಕೊಂಡು ಹೋರಾಡಿದರು. ಕಾರ್ಖಾನೆ ಕೊಡದ ರಕ್ಷಣೆಯನ್ನು ಮರುಭೂಮಿಯ ಮರಳಿನಿಂದ ಪಡೆಯಲು ಯತ್ನಿಸಿದ ಈ ದೃಶ್ಯಕ್ಕಿಂತ ಕಟುವಾದ ಲೆಕ್ಕಪರಿಶೋಧನಾ ವರದಿ ಬೇರೆ ಬೇಕೆ? 1942ರ ನವೆಂಬರ್ ಆರಂಭದಲ್ಲಿ, ಅಮೆರಿಕದಿಂದ ಬಂದ 75 ಮಿಲಿಮೀಟರ್ ತೋಪಿನ ಶರ್ಮನ್ ಟ್ಯಾಂಕುಗಳೂ ಎದುರಾಳಿಯ ಕೈಯಲ್ಲಿದ್ದಾಗ, ಇಟಲಿಯ ಅರಿಯೆತೆ ಡಿವಿಜನ್ ಇಂಥವೇ ಟ್ಯಾಂಕುಗಳೊಡನೆ ನಿಂತು ಹೋರಾಡಿ ನಾಶವಾಯಿತು. ಇಟಲಿಯ ಸೈನಿಕನೆಂದರೆ ಹೇಡಿ ಎಂದು ಯುದ್ಧಕಾಲದ ಪ್ರಚಾರವು ಹಬ್ಬಿಸಿದ ಹಾಸ್ಯವನ್ನು ನಮ್ಮಲ್ಲೂ ಪುನರುಚ್ಚರಿಸುವವರಿದ್ದಾರೆ. ಅಂಥವರು ಒಮ್ಮೆ ಆ 30 ಮಿಲಿಮೀಟರ್ ಉಕ್ಕಿನ ಹಿಂದೆ ತಮ್ಮನ್ನು ಕಲ್ಪಿಸಿಕೊಂಡು ನೋಡಲಿ.

ಈ ಕಥೆ ನಮಗೆ ತೀರ ಪರಕೀಯವೂ ಅಲ್ಲ. 1940ರ ಡಿಸೆಂಬರ್ 9ರ ಮುಂಜಾನೆ ಈಜಿಪ್ಟಿನ ನಿಬೈವಾ ಶಿಬಿರದ ಮೇಲೆ ಎರಗಿದ್ದು ಬ್ರಿಟಿಷ್ ಮಟಿಲ್ಡಾಗಳು ಹಾಗೂ ನಾಲ್ಕನೆಯ ಭಾರತೀಯ ಡಿವಿಜನ್ನಿನ ಪದಾತಿಗಳು. ಅಲ್ಲಿದ್ದುದು ಎಂ 13/40ಕ್ಕಿಂತ ಹಿಂದಿನ, ಮುಖ್ಯ ತೋಪನ್ನು ತಿರುಗುವ ಗೋಪುರದ ಬದಲು ಒಡಲಿನಲ್ಲೇ ಬಿಗಿದಿದ್ದ ಎಂ 11/39 ಟ್ಯಾಂಕುಗಳು. ಬೆಂಗಳೂರನ್ನು ಕೇಂದ್ರವಾಗುಳ್ಳ ಮದ್ರಾಸ್ ಸ್ಯಾಪರ್ಸ್‌ನ ತುಕಡಿಗಳೂ ಆ ಡಿವಿಜನ್ನಿನಲ್ಲಿದ್ದವು. ಎರಡು ತಿಂಗಳ ಆ ಕಾರ್ಯಾಚರಣೆಯಲ್ಲಿ ಸೆರೆಸಿಕ್ಕವರು ಒಂದು ಲಕ್ಷ ಮೂವತ್ತು ಸಾವಿರದಷ್ಟು ಜನ. ಇಟಾಲಿಯನ್ ಯುದ್ಧಕೈದಿಗಳಲ್ಲಿ ಸಾವಿರಾರು ಮಂದಿಯನ್ನು ಭಾರತಕ್ಕೆ ಸಾಗಿಸಲಾಯಿತು. ಅವರನ್ನಿರಿಸಿದ ಶಿಬಿರಗಳಲ್ಲಿ ನಮ್ಮ ಜಾಲಹಳ್ಳಿಯದೂ ಸೇರಿದೆ. ಟೊಬ್ರುಕ್ಕಿನಲ್ಲಿ ಆಸ್ಟ್ರೇಲಿಯನ್ನರು ವಶಪಡಿಸಿಕೊಂಡ ಎಂ 13/40ಗಳ ಮೇಲೆ ಬಿಳಿಯ ಕಾಂಗರೂ ಚಿತ್ರ ಬರೆದು ತಾವೇ ಬಳಸಿದ್ದೂ ಉಂಟು.

ಹಾಗಾದರೆ ತಪ್ಪು ಯಾರದು? ಉತ್ತರ ಮರುಭೂಮಿಯಲ್ಲಿಲ್ಲ, ರೋಮಿನ ಕಚೇರಿಗಳಲ್ಲಿದೆ. 1936ರಲ್ಲಿ ಮುಗಿದ ಇಥಿಯೋಪಿಯದ ಆಕ್ರಮಣದಲ್ಲಿ, ಸರಿಯಾದ ಆಯುಧಗಳಿಲ್ಲದ ಜನರ ಮೇಲೆ ಮೆಷಿನ್ ಗನ್ನಿನ ಪುಟ್ಟ ಟ್ಯಾಂಕುಗಳನ್ನು ಹರಿಸಿ ಗಳಿಸಿದ ಜಯವು ಆಳುವವರ ಕಣ್ಣಿಗೆ ಪೊರೆ ಕವಿಸಿತು. ಟ್ಯಾಂಕು ತಯಾರಿಕೆ ಫಿಯೆಟ್ ಮತ್ತು ಅನ್ಸಾಲ್ಡೊ ಸಂಸ್ಥೆಗಳ ಕೂಟದ ಏಕಸ್ವಾಮ್ಯದಲ್ಲಿತ್ತು. ಒಬ್ಬನೇ ಮಾರುವವನಿದ್ದಾಗ ಕೊಳ್ಳುವವನ ಷರತ್ತಿಗೆ ಬೆಲೆಯೆಲ್ಲಿ? 1941ರಲ್ಲಿ ಬಂದ ಎಂ 14/41 ಮಾದರಿಯಲ್ಲಿ ಎಂಜಿನ್ನಿನ ಶಕ್ತಿ ಸ್ವಲ್ಪ ಹೆಚ್ಚಿತೇ ಹೊರತು ಕವಚ ದಪ್ಪವಾಗಲಿಲ್ಲ. 1940ರಲ್ಲೇ ಆಲೋಚಿಸಿದ ಪಿ 40 ಎಂಬ ಭಾರೀ ಟ್ಯಾಂಕು ಕೈಗೆ ಬರುವ ಹೊತ್ತಿಗೆ, 1943ರ ಸೆಪ್ಟೆಂಬರಿನಲ್ಲಿ, ಇಟಲಿ ಶರಣಾಗಿತ್ತು. ಇಟಲಿ ಬಡ ದೇಶ, ಅದರಲ್ಲಿ ಉಕ್ಕೂ ಇಲ್ಲ, ತೈಲವೂ ಇಲ್ಲ ಎಂಬ ಸಮಾಧಾನವಿದೆ. ಬಡತನ ಅಪರಾಧವಲ್ಲ. ಎಂಬತ್ತು ಲಕ್ಷ ಬಯೊನೆಟ್ಟುಗಳಿವೆಯೆಂದು ಜಂಭ ಕೊಚ್ಚಿ, ಆ ಬಡತನವನ್ನು ಬಲ್ಲವರೇ 1940ರ ಜೂನ್ 10ರಂದು ಯುದ್ಧ ಸಾರಿದ್ದು ಅಪರಾಧ.

ಅಲಮೈನಿನ ಹೆದ್ದಾರಿಯ ಬದಿಯಲ್ಲಿ, ಅಲೆಕ್ಸಾಂಡ್ರಿಯಾ 111 ಕಿಲೋಮೀಟರ್ ಎಂದು ಸೂಚಿಸುವ ಇಟಲಿಯ ಸೈನಿಕರ ಕಲ್ಲೊಂದಿದೆ. ಕೊರತೆಯಾದದ್ದು ಅದೃಷ್ಟವೇ ಹೊರತು ಶೌರ್ಯವಲ್ಲ ಎಂಬ ಅರ್ಥದ ಮಾತು ಅದರ ಮೇಲಿದೆ. ಶೌರ್ಯದ ವಿಷಯದಲ್ಲಿ ಆ ಕಲ್ಲು ಹೇಳುವುದನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಅದೃಷ್ಟದ ಮಾತನ್ನು ಒಪ್ಪಲಾರೆ. ಮೂರು ದಶಕಗಳ ಕಾಲ ಸರ್ಕಾರದ ಕಡತಗಳ ನಡುವೆ ಬಾಳಿದವನಿಗೆ, ಅದೃಷ್ಟವೆಂದು ಕರೆಯಲಾಗುವ ಅನೇಕ ಸಂಗತಿಗಳ ಕೆಳಗೆ ಯಾರದೋ ಸಹಿಯಿರುತ್ತದೆಂಬುದು ಗೊತ್ತು. ಅನುಮೋದಿಸಿದವರ ಸಹಿ ಇರುತ್ತದೆ. ಸಂದೇಹವಿದ್ದೂ ಮೌನವಾಗಿ ಕಡತವನ್ನು ಮುಂದಕ್ಕೆ ಕಳಿಸಿದವರದೂ ಇರುತ್ತದೆ.

ಸಂಗ್ರಹಾಲಯಗಳ ಹೊಣೆ ಆರಂಭವಾಗುವುದು ಇಲ್ಲಿಯೇ. ನಮ್ಮೂರಿನ ಗುಡಿಗಳ ಜೀರ್ಣೋದ್ಧಾರವನ್ನು ನೆನೆಯಿರಿ. ಭಕ್ತಿಗೆ ಕೊರತೆಯಿಲ್ಲದ ಜನ ಕಂಬಕ್ಕೂ ಕಲ್ಲಿಗೂ ದಪ್ಪನಾಗಿ ಬಣ್ಣವನ್ನೋ ಸುಣ್ಣವನ್ನೋ ಬಳಿಯುತ್ತಾರೆ. ಗುಡಿ ಹೊಸದಾಗಿ ಹೊಳೆಯುತ್ತದೆ, ಶಾಸನದ ಅಕ್ಷರಗಳು ಮುಚ್ಚಿಹೋಗುತ್ತವೆ. ಹಳೆಯ ಟ್ಯಾಂಕಿನ ಮೈಮೇಲಿನ ಗುಂಡಿನ ಗಾಯ, ಬಿರುಕುಬಿಟ್ಟ ಕವಚ, ಕಿತ್ತುಹೋದ ರಿವೆಟ್ಟಿನ ತೂತು, ಇವೇ ಅದರ ಶಾಸನ. ಅವನ್ನು ತುಂಬಿ ಕಾರ್ಖಾನೆಯಿಂದ ಇದೀಗ ಬಂದಂತೆ ಮಾಡುವುದು ಕುಶಲ ಕೆಲಸವಾದೀತು, ಇತಿಹಾಸವಾಗದು. ತುಕ್ಕು ಹಿಡಿಯಲು ಬಿಡಿರೆಂದು ನಾನು ಹೇಳುತ್ತಿಲ್ಲ. ತುಕ್ಕನ್ನು ತಡೆಯಿರಿ, ಗಾಯವನ್ನು ಉಳಿಸಿರಿ. ಪಕ್ಕದ ಫಲಕದಲ್ಲಿ ತೂಕ, ವೇಗ, ತೋಪಿನ ಅಳತೆಗಳ ಜೊತೆಗೆ ಈ ಕವಚ ಸಾಕೆಂದು ತೀರ್ಮಾನವಾದ ಬಗೆಯನ್ನೂ ಎರಡು ಸಾಲಿನಲ್ಲಿ ಬರೆಯಿರಿ.

ಸಂಗ್ರಹಾಲಯ ನ್ಯಾಯಾಲಯವಲ್ಲ, ವಸ್ತುವನ್ನು ಕಾಪಾಡುವುದಷ್ಟೇ ಅದರ ಕೆಲಸ ಎಂದು ಕೆಲವರು ವಾದಿಸಬಹುದು. ಆದರೆ ಯಂತ್ರದ ಅಂದವನ್ನು ಮಾತ್ರ ತೋರಿಸುವುದೂ ಒಂದು ತೀರ್ಪೇ. ಅದು ಸಹಿ ಮಾಡಿದವರನ್ನು ಸದ್ದಿಲ್ಲದೆ ಬಿಡುಗಡೆ ಮಾಡುವ ತೀರ್ಪು.

ಈ ಮಾತನ್ನು ಇಟಲಿಗೆ ಹೇಳಿ ಮುಗಿಸಿದರೆ ಅದು ಪರೋಪದೇಶವಾದೀತು. 1965ರ ಅಸಲ್ ಉತ್ತರ್ ಕದನದ ಬಳಿಕ ವಶವಾದ ಪ್ಯಾಟನ್ ಟ್ಯಾಂಕುಗಳು ನಮ್ಮ ದೇಶದ ಹಲವು ನಗರಗಳಲ್ಲಿ ಪೀಠವೇರಿ ನಿಂತಿವೆ. ಅವುಗಳ ಮುಂದೆ ನಾವು ಎದೆಯುಬ್ಬಿಸಿ ನಿಲ್ಲುತ್ತೇವೆ, ನಿಲ್ಲಬೇಕಾದ್ದೇ. ಆದರೆ 1962ರಲ್ಲಿ ಹಿಮಾಲಯದ ಚಳಿಗೆ ತಕ್ಕ ಉಡುಪಿಲ್ಲದೆ, ಹಳೆಯ ಪಾಯಿಂಟ್ 303 ರೈಫಲ್ಲು ಹಿಡಿದು ಹೋದ ಜವಾನರಿಗೂ ಒಂದು ಫಲಕ ಸಲ್ಲಬೇಕಲ್ಲವೆ? ಆ ಸೋಲನ್ನು ಕುರಿತು 1963ರಲ್ಲಿ ಸಿದ್ಧವಾದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಒಂದಾದ ಮೇಲೊಂದು ಸರ್ಕಾರ ದಶಕಗಳ ಕಾಲ ಗೋಪ್ಯವಾಗಿಯೇ ಇರಿಸಿತು. 2014ರಲ್ಲಿ ಅದರ ಒಂದು ಭಾಗ ಹೊರಬಿದ್ದುದು ಸರ್ಕಾರದ ಕೈಯಿಂದಲ್ಲ. ಗೆದ್ದ ಟ್ಯಾಂಕನ್ನು ಚೌಕದಲ್ಲಿಟ್ಟು, ಸೋತ ಕಡತವನ್ನು ಕಪಾಟಿನಲ್ಲಿಡುವುದು ಇಟಲಿಯ ರೂಢಿ ಮಾತ್ರವಲ್ಲ.

ಅಲಮೈನಿನಲ್ಲಿ ಇಟಲಿಯವರ ಸ್ಮಾರಕವನ್ನು ರೂಪಿಸಿದವನು ಪಾವೊಲೊ ಕಚಿಯಾ ದೊಮಿನಿಯೋನಿ. ಅದೇ ರಣದಲ್ಲಿ ಹೋರಾಡಿದ್ದ ಈ ಅಧಿಕಾರಿ ಯುದ್ಧಾನಂತರ ಮರಳಿ ಬಂದು, ವರ್ಷಗಟ್ಟಲೆ ಆ ಮರಳುಗಾಡಿನಲ್ಲಿ ಸತ್ತವರ ಅಸ್ಥಿಗಳನ್ನು ಹುಡುಕಿ ಕೂಡಿಸಿದ. ಅದೇ ಊರಿನ ಕಾಮನ್‌ವೆಲ್ತ್ ಸ್ಮಶಾನದಲ್ಲಿ, ತಮ್ಮ ಧರ್ಮದಂತೆ ದಹನಗೊಂಡ ಆರುನೂರಕ್ಕೂ ಹೆಚ್ಚು ಯೋಧರ ಸ್ಮಾರಕವೊಂದಿದೆ. ನಮ್ಮ ನೆಲದಿಂದ ಹೋದವರ ನೆನಪು ಅಲ್ಲಿ ಉಳಿದಿದೆ. ಸತ್ತವರ ಹೆಸರುಗಳನ್ನು ಎರಡೂ ಕಡೆಯವರು ಕಲ್ಲಿನಲ್ಲಿ ಕೆತ್ತಿ ಉಳಿಸಿದ್ದಾರೆ. ಕಡತದ ಕೆಳಗಿನ ಹೆಸರುಗಳು ಮಾತ್ರ ಯಾವ ಕಲ್ಲಿನ ಮೇಲೂ ಇಲ್ಲ. ಮುಂದೆ ಎಲ್ಲಿಯಾದರೂ ಹಳೆಯ ಟ್ಯಾಂಕೊಂದರ ಮುಂದೆ ಮಕ್ಕಳನ್ನು ನಿಲ್ಲಿಸಿದಾಗ, ಇದನ್ನು ಓಡಿಸಿದವರು ಯಾರು ಎಂದು ಹೇಳುವುದರೊಂದಿಗೆ, ಇದರಲ್ಲಿ ಅವರನ್ನು ಕೂರಿಸಿ ಕಳಿಸಿದವರು ಯಾರು ಎಂದು ಕೇಳುವುದನ್ನೂ ಕಲಿಸೋಣ.