ಕುರಿಮರಿಯ ಪಾತ್ರವಷ್ಟೇ ಸಾಕೆ?

ಕ್ರಿಸ್ತಜಯಂತಿ ಸಮೀಪಿಸಿತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ನಮ್ಮ ಧರ್ಮಕೇಂದ್ರಗಳಲ್ಲಿ ಗೋದಲಿಯ ಸಿದ್ಧತೆಯೊಡನೆ ನಾಟಕದ ತಾಲೀಮೂ ಮೊದಲಾಗುತ್ತದೆ. ಚುರುಕಾದ ಮಕ್ಕಳಿಗೆ ದೇವದೂತನ ಪಾತ್ರ, ಜ್ಞಾನಿಗಳ ಪಾತ್ರ. ಬೌದ್ಧಿಕ ಅಂಗವೈಕಲ್ಯವುಳ್ಳ ಮಗುವಿಗೆ ಮಾತಿಲ್ಲದ ಕುರಿಮರಿಯ ವೇಷ. ಎಷ್ಟೋ ಸಲ ಅದೂ ಇಲ್ಲ. ದೇವಾಲಯದ ಕಡೆಯ ಸಾಲಿನಲ್ಲಿ ತಾಯಿಯ ಮಗ್ಗುಲಲ್ಲಿ ಕುಳಿತು ಚಪ್ಪಾಳೆ ತಟ್ಟುವುದಷ್ಟೇ ಆ ಮಗುವಿನ ಪಾಲು.

ಇಂತಹವರಿಂದ ಅಭಿನಯ ಸಾಧ್ಯವೇ ಎಂಬ ಶಂಕೆಗೆ ಲೋಕವು ಎಂದೋ ಉತ್ತರ ನೀಡಿದೆ. ಡೌನ್ ಸಿಂಡ್ರೋಮ್ ಉಳ್ಳ ಬೆಲ್ಜಿಯಂನ ಪಾಸ್ಕಲ್ ಡ್ಯೂಕೆನ್ 1996ರಲ್ಲಿ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿಯನ್ನು ಸಹನಟ ಡೇನಿಯಲ್ ಓತೈ ಅವರೊಡನೆ ಹಂಚಿಕೊಂಡರು. 2009ರಲ್ಲಿ ಸ್ಪೇನಿನ ಪಾಬ್ಲೊ ಪಿನೆಡಾ ಸ್ಯಾನ್ ಸೆಬಾಸ್ಟಿಯನ್ ಚಿತ್ರೋತ್ಸವದಲ್ಲಿ ಅದೇ ಗೌರವಕ್ಕೆ ಪಾತ್ರರಾದರು. ನೆರೆಯ ಕೇರಳದ ಗೋಪಿ ಕೃಷ್ಣನ್ ವರ್ಮ 2021ರಲ್ಲಿ ಮಲಯಾಳದ 'ತಿರಿಕೆ' ಚಿತ್ರದಲ್ಲಿಯೂ, 2025ರಲ್ಲಿ ಹಿಂದಿಯ 'ಸಿತಾರೆ ಜಮೀನ್ ಪರ್' ಚಿತ್ರದಲ್ಲಿಯೂ ನಟಿಸಿದರು.

ಪ್ರತಿಯೊಂದು ಮಗುವೂ ನಟನಾಗಬೇಕೆಂಬುದು ನಮ್ಮ ವಾದವಲ್ಲ. ಆದರೆ ಕಲಾವಿದನ ಆಸೆಗಳು ನಮ್ಮೆಲ್ಲರ ಆಸೆಗಳೇ: ಮಾಡಿದ ಕೆಲಸಕ್ಕೆ ಸಂಬಳ, ಹೆಸರು ಹಿಡಿದು ಕರೆಯುವ ಗೆಳೆಯರು, ತನ್ನದೆನ್ನುವ ಒಂದು ಮನೆ. ಅವನ್ನು ಹೊಂದುವ ಹಕ್ಕು ಅವರಿಗಿಲ್ಲವೆನ್ನಲು ನಾವು ಯಾರು? 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿ, 'ಮಂದಬುದ್ಧಿ' ಎಂಬ ಹಳೆಯ ಹಣೆಪಟ್ಟಿಯ ಸ್ಥಾನದಲ್ಲಿ 'ಬೌದ್ಧಿಕ ಅಂಗವೈಕಲ್ಯ' ಎಂಬ ಪದವನ್ನಿರಿಸಿತು. ಕಾನೂನು ಬದಲಾದರೂ ನಮ್ಮ ನಾಲಗೆ ಬದಲಾಗಿಲ್ಲ.

"ನಮ್ಮ ಕಾಲಾನಂತರ ಇವನ ಗತಿಯೇನು?" ಎಂಬುದು ಇಂತಹ ಮಕ್ಕಳ ಹೆತ್ತವರನ್ನು ಇರುಳೆಲ್ಲ ಕಾಡುವ ಪ್ರಶ್ನೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಮೇರೆಗೆ ಜಿಲ್ಲಾಮಟ್ಟದ ಸಮಿತಿಯಿಂದ ಪೋಷಕರನ್ನು ನೇಮಿಸಿಕೊಳ್ಳುವ ದಾರಿಯಿದೆ. ಆದರೆ ಕಾಗದದ ಪೋಷಕನೊಬ್ಬನಿದ್ದರೆ ಸಾಲದು; ಆ ವ್ಯಕ್ತಿಯನ್ನು ಬಲ್ಲ ಒಂದು ಊರು ಬೇಕು. ಬೌದ್ಧಿಕ ಅಂಗವೈಕಲ್ಯವುಳ್ಳವರೂ ಸಹಾಯಕರೂ ಒಂದೇ ಕುಟುಂಬದಂತೆ ಬಾಳುವ ಆಶಾನಿಕೇತನವು ಬೆಂಗಳೂರಿನಲ್ಲಿ 1970ರಲ್ಲಿಯೇ ಆರಂಭವಾಯಿತು. ಅಂತಹ ಒಡನಾಟದ ಮೊದಲ ಪಾಠ ನಮ್ಮ ದೇವಾಲಯದ ಅಂಗಳದಲ್ಲೇ ಆಗಬಾರದೇಕೆ?

ಇದು ದಯೆಯ ಮಾತಲ್ಲ, ಕರ್ತವ್ಯದ ಮಾತು. ಅಂಗವಿಕಲರಿಗೂ ಅವರ ಸ್ಥಿತಿಗೆ ತಕ್ಕಂತೆ ಧರ್ಮೋಪದೇಶ ದೊರೆಯಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 777ನೆಯ ವಿಧಿ ಧರ್ಮಕೇಂದ್ರದ ಗುರುಗಳಿಗೆ ಹೊಣೆ ಹೊರಿಸುತ್ತದೆ. ದೇಹದಲ್ಲಿ ದುರ್ಬಲವೆಂದು ಕಾಣುವ ಅಂಗಗಳೇ ಅತ್ಯಗತ್ಯವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು.

ನಾಟಕ ಕೆಟ್ಟೀತೆಂಬ ಅಳುಕು ಸಹಜ. ತಾಲೀಮನ್ನು ಒಂದು ತಿಂಗಳು ಮುಂಚೆ ಆರಂಭಿಸೋಣ. ಎರಡೇ ಸಾಲಿನ ಮಾತು ಕೊಡೋಣ. ಮಗ್ಗುಲಲ್ಲಿ ಜೊತೆಗಾರನೊಬ್ಬನನ್ನು ನಿಲ್ಲಿಸೋಣ. ಮಾತು ತಡವರಿಸಿದರೆ ಸಭೆ ತುಸು ಕಾಯಲಿ. ಬೆತ್ಲೆಹೇಮಿನಲ್ಲಿ ಸ್ಥಳವಿಲ್ಲವೆಂದು ಬಾಗಿಲು ಮುಚ್ಚಿದವರ ಕಥೆಯನ್ನು ವರ್ಷವರ್ಷವೂ ಆಡುವ ನಾವೇ ಈ ಮಕ್ಕಳಿಗೆ ಸ್ಥಳವಿಲ್ಲವೆನ್ನಬಹುದೆ? ಈ ಬಾರಿಯ ಪಾತ್ರ ಹಂಚಿಕೆಗೆ ಮುನ್ನ ಪ್ರತಿ ಧರ್ಮಕೇಂದ್ರದ ಹಿರಿಯರೂ ಅಂತಹ ಒಂದು ಮನೆಯ ಕದ ತಟ್ಟಲಿ ಎಂಬುದೇ ನಮ್ಮ ಕೋರಿಕೆ.