ಕಣ್ಣಳತಿ ನಂಬಬ್ಯಾಡ್ರಿ, ಪೈಪ್ ಹಿಡೀರಿ

ಗಜೇಂದ್ರಗಡದ ಗುಡ್ಡದ ಇಳಿಜಾರು ಕಣ್ಣಿಗೆ ಕಾಣ್ತೈತಿ. ರೋಣ, ನರಗುಂದದ ಎರಿ ಹೊಲದ್ದು ಕಾಣೂದಿಲ್ಲ. ಮೋಸ ಆಗೋದು ಅಲ್ಲೇ.

ಹೋದ ವರ್ಷ ಅಪ್ಪ ಕಣ್ಣಳತಿ ಮ್ಯಾಲೆ ಒಡ್ಡು ಹಾಕಿಸಿದ್ದ. ನೀರೆಲ್ಲಾ ತಗ್ಗಿನ ಕಡೆ ನುಗ್ಗಿ ಒಂದ ಮಳಿಗೆ ಒಡೀತು. ಒಳ್ಳೆ ಮಣ್ಣೂ ಕೊಚ್ಚಿಹೋತು.

ಈ ಸಲ ಗೌಂಡಿ ಕಾಕಾನ ಕಡಿಂದ ಲೆವೆಲ್ ಪೈಪ್ ತಂದು ನೀರು ತುಂಬಿದ್ವಿ. ಎರಡೂ ತುದಿಗೆ ಅಳತೆ ಕೋಲು. ಒಂದ ಕಡೆ ನೀರು 92 ಸೆಂ.ಮೀ.ಗೆ ನಿಂತಿತು, ಇನ್ನೊಂದ ಕಡೆ 104. ಅಂದ್ರ 104 ಬಂದ ಕಡೆ ನೆಲ 12 ಸೆಂ.ಮೀ. ತಗ್ಗು!

ಪೈಪಿನ್ಯಾಗ ಗಾಳಿ ಗುಳ್ಳಿ ಇರಬಾರದು, ಎರಡೂ ಬಾಯಿ ತೆರೆದಿರಬೇಕು. ಅಷ್ಟ.

ದೋಸ್ತ್ರ, ಟ್ರಯಲ್ ಬ್ಯಾಲೆನ್ಸ್ ಮಾಡದ ಲೆಕ್ಕ ಮುಗಿಸ್ತೀವೇನು? ಹಂಗ, ಪೈಪ್ ಹಿಡೀದ ಒಡ್ಡು ಹಾಕಬ್ಯಾಡ್ರಿ. ಮನ್ಯಾಗ ಅಪ್ಪಗೂ ಇದನ್ನ ತೋರಸ್ರಿ.

#ರೋಣ #ನರಗುಂದ #ಎರಿಹೊಲ