ಆಯುಷ್ಮಾನ್ ಕಾರ್ಡಿದೆ, ಆದರೆ ಬಿ.ಪಿ. ನೋಡಿಸಿದ್ದೀರಾ?



"ಆಯುಷ್ಮಾನ್ ಕಾರ್ಡ್ ಐತಲ್ಲ, ಇನ್ನೇನು ಚಿಂತೆ?" ಈ ಮಾತು ಹದಡಿ ಮತ್ತು ಸುತ್ತಲ ನಮ್ಮ ಹಳ್ಳಿಗಳ ಕಟ್ಟೆಗಳ ಮೇಲೆ ದಿನವೂ ಕೇಳಿಬರುತ್ತದೆ. 2018ರಲ್ಲಿ ಬಂದ ಆ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅದು ನಮ್ಮ ಹಕ್ಕು. ಮಾಡಿಸದವರು ಇವತ್ತೇ ಹೋಗಿ ಮಾಡಿಸಿ. ಆದರೆ ಆ ಹಣ ಮುಖ್ಯವಾಗಿ ಆಸ್ಪತ್ರೆಗೆ ಸೇರಿದ ಮೇಲಿನ ಖರ್ಚಿಗೆ. ಮೆಡಿಕಲ್ ಶಾಪಿನ ಮಾತ್ರೆ, ಲ್ಯಾಬಿನ ಬಿಲ್ಲು, ದಾವಣಗೆರೆಗೆ ಓಡಾಡುವ ಖರ್ಚು, ಜೊತೆಗೆ ಹೋದ ಮಗ ಕಳೆದುಕೊಂಡ ಕೂಲಿ, ಇವೆಲ್ಲ ನಮ್ಮ ತಲೆಯ ಮೇಲೇ. 2021-22ರ ಸರ್ಕಾರಿ ಲೆಕ್ಕದಲ್ಲೇ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ. 39.4ರಷ್ಟು ನೇರವಾಗಿ ಜನರ ಜೇಬಿನಿಂದ ಹೋಗಿದೆ.

ಈ ಖರ್ಚು ಹೇಗೆ ಬಂದು ಬೀಳುತ್ತದೆ ನೋಡಿ. ನಲವತ್ತೈದರ ರೈತನಿಗೆ ಬಿ.ಪಿ. ಇದೆ ಎಂದು ಡಾಕ್ಟರ್ ಮಾತ್ರೆ ಬರೆದುಕೊಡುತ್ತಾರೆ. ಒಂದು ಶೀಟು ಮುಗಿಯುತ್ತದೆ. ತಲೆನೋವಿಲ್ಲ, ಸುಸ್ತಿಲ್ಲ, ಗದ್ದೆಗೆ ನೀರು ಕಟ್ಟಲು ಕೈಕಾಲು ಗಟ್ಟಿಯಾಗೇ ಇವೆ. "ವಾಸಿ ಆತು" ಎಂದು ಮಾತ್ರೆ ಬಿಡುತ್ತಾನೆ. ಬಿ.ಪಿ. ನೋವು ಕೊಟ್ಟು ಎಚ್ಚರಿಸುವ ಕಾಯಿಲೆಯಲ್ಲ. ಒಳಗೊಳಗೇ ರಕ್ತನಾಳ, ಕಿಡ್ನಿ, ಹೃದಯವನ್ನು ಕೆಡಿಸುತ್ತದೆ. ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ ಲಕ್ವ ಹೊಡೆದರೆ ಅಡಿಕೆ ತೋಟ ಖೇಣಿಗೆ ಹೋಗುತ್ತದೆ, ಹೆಂಡತಿಯ ಸರ ಅಡವು ಅಂಗಡಿಗೆ ಹೋಗುತ್ತದೆ. ಆತ ಬಿಟ್ಟ ಆ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿತ್ತು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡಾಗ ಹೃದಯ ತೋರಿಸಿಕೊಳ್ಳಲು ಜನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಆ ಭಯ ಕೆಲವೇ ವಾರ ಉಳಿಯಿತು. ನಮಗೆ ಬೇಕಾಗಿರುವುದು ವರ್ಷಕ್ಕೊಮ್ಮೆ ತಪ್ಪದೆ ನೋಡಿಸಿಕೊಳ್ಳುವ ರೂಢಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಣ್ಣೆ ದೋಸೆ, ಮಂಡಕ್ಕಿ-ಮಿರ್ಚಿ ನಮ್ಮ ಸೀಮೆಯ ಹೆಮ್ಮೆ, ಬಿಡಿ ಎನ್ನಲು ಮನಸ್ಸು ಬಾರದು; ದಿನಾ ಸಂಜೆಯ ಅಭ್ಯಾಸ ಮಾಡಿಕೊಳ್ಳಬೇಡಿ. ಉಪ್ಪಿನಕಾಯಿ, ಹಪ್ಪಳದ್ದೂ ಸೇರಿ ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅಡಿಕೆಯ ವಿಷಯ ಎತ್ತುವುದು ಕಷ್ಟ. ನಮ್ಮ ಎಷ್ಟೋ ಮನೆಗಳ ಅನ್ನ ಅದು. ಆದರೂ ಹೇಳಲೇಬೇಕು: ಅಗಿಯುವ ಅಡಿಕೆ ಕ್ಯಾನ್ಸರ್‌ಕಾರಕ ಎಂದು ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರದಿ ಕೊಟ್ಟಿದೆ. ತಂಬಾಕು ಬೆರೆತರೆ ಅಪಾಯ ಇನ್ನೂ ಹೆಚ್ಚು. ಹೈಸ್ಕೂಲು ಹುಡುಗರ ಜೇಬಿನಲ್ಲಿ ಗುಟ್ಕಾ ಚೀಟಿ ಕಂಡೂ ಸುಮ್ಮನಿರುವುದು ಹಿರಿಯರಾದ ನಮಗೆ ಸಲ್ಲದು. ಮಾರುವ ಅಂಗಡಿಯವರೂ ನಮ್ಮವರೇ, ಕೂತು ಮಾತಾಡಿದರೆ ಕೇಳುತ್ತಾರೆ.

ಕಾಯಿಲೆ ಬಿದ್ದವರನ್ನು ಮಾತ್ರ ಯಾರೂ ಹಂಗಿಸಬೇಡಿ. ಹುಟ್ಟಿನಿಂದ, ವಂಶದಿಂದ ಬರುವ ರೋಗಗಳುಂಟು. ಹೊಟ್ಟೆಪಾಡಿಗೆ ಹಗಲಿರುಳು ದುಡಿದು ಮೈ ಹಾಳು ಮಾಡಿಕೊಂಡವರುಂಟು. ಸರ್ಕಾರದ ಹೊಣೆಯೂ ಕಡಿಮೆಯಾಗುವುದಿಲ್ಲ: ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಸ್ಟಾಕ್ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳೋಣ. ನಮ್ಮ ಪಾಲಿನ ಕೆಲಸವನ್ನು ನಾವು ಮಾಡಿದ್ದರೆ ಕೇಳುವ ದನಿಗೂ ಬಲವಿರುತ್ತದೆ.

ಮೂವತ್ತು ದಾಟಿದ ಪ್ರತಿಯೊಬ್ಬರೂ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಬಿ.ಪಿ., ಶುಗರ್ ನೋಡಿಸಿ, ದುಡ್ಡು ಕೊಡಬೇಕಿಲ್ಲ. ಹೆಣ್ಣುಮಕ್ಕಳು "ಮನೆಗೆಲಸ ಐತಿ" ಎಂದು ಮುಂದೂಡುತ್ತಾರೆ, ಅವರನ್ನು ಮೊದಲು ಕರೆದುಕೊಂಡು ಹೋಗಿ. ಆಶಾ ಕಾರ್ಯಕರ್ತೆ ಫಾರಂ ಹಿಡಿದು ಮನೆಗೆ ಬಂದಾಗ ಕುಡಿತ, ತಂಬಾಕು, ಮನೆತನದ ಕಾಯಿಲೆ ಯಾವುದನ್ನೂ ಮುಚ್ಚಿಡದೆ ಹೇಳಿ.